ಮಲಗಿದ ಬೆಕ್ಕಿನ ಪರವಾಗಿ ಒಂದು ಅಹವಾಲು

ಮಾನ್ಯ ವಲಯ ಶಿಕ್ಷಣಾಧಿಕಾರಿಗಳೇ, ಯಾವ ಮೊಹರೂ ಇಲ್ಲದ ಕಾಗದವನ್ನು ಓದುವ ಅಭ್ಯಾಸ ನಿಮಗಿದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಐದನೇ ತರಗತಿ ಮುಗಿಸಿದ ಒಬ್ಬ ಹುಡುಗಿಯ ವರ್ಗಾವಣೆ ಪತ್ರವನ್ನು ನೀವು ತಡೆಹಿಡಿದಿದ್ದೀರಿ. ಅದಿಲ್ಲದೆ ಮಾಧ್ಯಮಿಕ ಶಾಲೆಯವರು ಅವಳನ್ನು ಗೇಟಿನೊಳಗೆ ಬಿಡುವುದಿಲ್ಲ. ಮುಂದಿನ ವಾರ ಅಲ್ಲಿ ದಾಖಲಾತಿ ಮುಗಿಯುತ್ತದೆ. ನಿಮ್ಮ ಮಾತಿನಲ್ಲೇ ಹೇಳುವುದಾದರೆ ಅವಳ ಅಪರಾಧ, "ಶಾಲೆಯ ಅಧಿಕೃತ ಮೊಹರನ್ನು ಹೋಲುವ ನಕಲಿ ಮುದ್ರೆಯನ್ನು ಪರೀಕ್ಷಾ ದಾಖಲೆಗಳ ಮೇಲೆ ಒತ್ತಿರುವುದು". ಕೇಳಿದವರಿಗೆ ಮೈ ನಡುಗಬೇಕು. ಆದ್ದರಿಂದ ಓದುಗರ ಸಮಾಧಾನಕ್ಕಾಗಿ ಆ ನಕಲಿ ಮುದ್ರೆಯಲ್ಲಿ ಏನಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಒಂದು ಬೆಕ್ಕಿದೆ. ದುಂಡಗೆ ಸುತ್ತಿಕೊಂಡು, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡು ಮಲಗಿದ ಬೆಕ್ಕು. ಶಾಲೆಯ ಹೆಸರಿಲ್ಲ, ಲಾಂಛನವಿಲ್ಲ, ಒಂದೇ ಒಂದು ಅಕ್ಷರವೂ ಇಲ್ಲ. ಗುಡ್ಡ ಅಗೆದು ಇಲಿ ಹಿಡಿದವರ ಗಾದೆಯನ್ನು ಕೇಳಿದ್ದೆ. ಗುಡ್ಡ ಅಗೆದು ಬೆಕ್ಕು ಹಿಡಿದ ಕೀರ್ತಿ ನಿಮ್ಮ ಕಚೇರಿಗೇ ಸಲ್ಲಬೇಕು.

ನಾನು ಯಾರೆಂದು ನಿಮಗೆ ಗೊತ್ತಿದೆ, ಓದುಗರಿಗೆ ಗೊತ್ತಿಲ್ಲ. ನಾನು ಆ ಹುಡುಗಿಯ ಚಿಕ್ಕಮ್ಮ. ನಿಮ್ಮ ಕಚೇರಿಯ ಎದುರು ಬೀದಿಯಲ್ಲಿ, ಜೆರಾಕ್ಸ್ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುವ ರಬ್ಬರ್ ಮೊಹರಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಕ್ಷರ ಕೊರೆಯುವುದನ್ನು ಈಗ ಯಂತ್ರವೇ ಮಾಡುತ್ತದೆ. ಕೊರೆದ ರಬ್ಬರನ್ನು ಕತ್ತರಿಸಿ, ಮರದ ಹಿಡಿಕೆಗೆ ಅಂಟಿಸಿ, ಒಂದು ಸಲ ಒತ್ತಿ ನೋಡಿ ಪೊಟ್ಟಣ ಕಟ್ಟುವುದು ನನ್ನ ಪಾಲಿನ ಕೆಲಸ. ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ಆದರೆ ನಿಮ್ಮ ಇಲಾಖೆಯ ಭಾಷೆಗೆ ನಾನು ಹೊಸಬಳಲ್ಲ. 'ಪರಿಶೀಲಿಸಲಾಗಿದೆ', 'ಅನುಮೋದಿಸಲಾಗಿದೆ', 'ಅತಿ ತುರ್ತು' ಇವೆಲ್ಲವನ್ನೂ ದಿನವಿಡೀ ರಬ್ಬರಿನ ಮೇಲೆ ಹಿಮ್ಮುಖವಾಗಿ ಓದುತ್ತಿರುತ್ತೇನೆ. ನಿಮ್ಮ ಕಚೇರಿಯ ಮಾತುಗಳನ್ನು ಓದಲು ಆ ದಿಕ್ಕೇ ಸರಿ ಎಂದು ಈಚೆಗೆ ಅನ್ನಿಸತೊಡಗಿದೆ.

ಎದುರಿಗೆ ನಿಂತು ಹೇಳಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಬರೆದೆ ಎಂದು ನೀವು ಕೇಳಬಹುದು. ವಿಚಾರಣೆಯ ದಿನ ನಿಮ್ಮ ಅಧಿಕಾರಿಯ ಎದುರಿಗೇ ನಿಂತಿದ್ದೆ. ದೊಡ್ಡ ಮೇಜು, ಮೇಜಿನಾಚೆ ಮೂವರು, ಮೇಲೆ ಕಿರ್ರೆನ್ನುವ ಫ್ಯಾನು. ನನಗೆ ನಾಲಿಗೆಯೇ ಹೊರಳಲಿಲ್ಲ. ಅಂಗಡಿಯಲ್ಲಿ ಗಿರಾಕಿ "ಎಷ್ಟು ಹೊತ್ತಾಗುತ್ತಮ್ಮ" ಎಂದು ಕೇಳಿದರೂ ಯಜಮಾನರ, ಅಂದರೆ ಅಂಗಡಿ ಮಾಲೀಕರ, ಮುಖ ನೋಡುವವಳು ನಾನು. ಹಾಗೆ ಸುಮ್ಮನೆ ನಿಂತದ್ದಕ್ಕೆ, "ಬಾಲಕಿಯ ಚಿಕ್ಕಮ್ಮ ಆರೋಪವನ್ನು ಆಕ್ಷೇಪಿಸಲಿಲ್ಲ" ಎಂದು ಬರೆದುಕೊಂಡರು. ಆಕ್ಷೇಪ ಇಲ್ಲಿದೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಹುಡುಗಿಯನ್ನು ನಾವು ಮೆಣಸು ಎಂದು ಕರೆಯುತ್ತೇವೆ. ಗಾತ್ರ ನೋಡಿದರೆ ಯಾಕೆಂದು ಗೊತ್ತಾಗುತ್ತದೆ, ಮಾತಾಡಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅವಳ ಅಮ್ಮ, ಅಂದರೆ ನನ್ನ ಅಕ್ಕ, ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಭಾವ ಲಾರಿ ಓಡಿಸುತ್ತಾರೆ, ಬಂದಾಗ ಬರುತ್ತಾರೆ. ಮೆಣಸು ಗೀಚುವ ಹುಡುಗಿ. ಇದನ್ನು ಮುಚ್ಚಿಡುವುದಿಲ್ಲ. ಪುಸ್ತಕದ ಅಂಚಿನಲ್ಲಿ, ಅಂಗೈಯಲ್ಲಿ, ಬಸ್ಸಿನ ಕಿಟಕಿಯ ಆವಿಯ ಮೇಲೆ, ಎಲ್ಲೆಂದರಲ್ಲಿ ಗೀಚುತ್ತಾಳೆ. ಎರಡನೇ ತರಗತಿಯಲ್ಲಿದ್ದಾಗ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿ, ಆ ಗುರುತಿಗೆ ಎರಡು ಕಾಲು, ಒಂದು ಕೊಕ್ಕು ಸೇರಿಸಿ ಕೋಳಿಮರಿ ಮಾಡುತ್ತಿದ್ದಳು. ಆಮೇಲೆ ಬೆಂಚಿನ ಮೇಲೆ ತೆಳು ಹಾಳೆ ಹಾಸಿ ಪೆನ್ಸಿಲನ್ನು ಅಡ್ಡಕ್ಕೆ ತಿಕ್ಕುವುದನ್ನು ಕಂಡುಕೊಂಡಳು. ಹಾಗೆ ತಿಕ್ಕಿದರೆ, ಆ ಬೆಂಚಿನಲ್ಲಿ ಹಿಂದೆ ಕೂತು ಹೋದವರು ಕೆರೆದದ್ದೆಲ್ಲ ಹಾಳೆಯ ಮೇಲೆ ಮೂಡುತ್ತದೆ. ಒಂದು ದೋಣಿ, ಮೂಗು ಉದ್ದದ ಒಬ್ಬ ಮನುಷ್ಯ, ಅರ್ಧಕ್ಕೆ ನಿಂತ ಒಂದು ಹೂವು.

"ಈ ಹೂವಿನವರು ಯಾಕೆ ಅರ್ಧಕ್ಕೆ ಬಿಟ್ಟರು, ಚಿಕ್ಕಿ?"

"ಬೆಲ್ ಹೊಡೆದಿರಬೇಕು."

"ಪಾಪ" ಎಂದು ಆ ಹೂವನ್ನು ಅವಳೇ ಪೂರ್ತಿ ಮಾಡಿದಳು.

ಇದನ್ನು ಯಾರೂ ಅವಳಿಗೆ ಕಲಿಸಲಿಲ್ಲ. ಕಲಿಸಿದ್ದರೆ ಬಿಡಿಸುವುದು ನಿಮಗೂ ಸುಲಭವಾಗುತ್ತಿತ್ತೋ ಏನೋ. ಮಗ್ಗಿ ಹೇಳಿಸುವ ಹೊತ್ತಿನಲ್ಲಿ ಬಾಯಿ ಒಂದು ಕಡೆ ನಡೆಯುತ್ತಿರುತ್ತದೆ, ಕೈ ಇನ್ನೊಂದು ಕಡೆ ಹೊರಟುಬಿಡುತ್ತದೆ. ಹೋದ ವರ್ಷ ಅಂಥದೇ ಒಂದು ಮಗ್ಗಿಯ ಹೊತ್ತಿನಲ್ಲಿ ಕೈವಾರದ ಮೊನೆಯಿಂದ ಅಳಿಸುವ ರಬ್ಬರಿನ ಮೇಲೆ ಗೀರಿದಳು. ಪೆನ್ಸಿಲ್ ಮೆಂಡರಿನಿಂದ ಕಳಚಿದ ಬ್ಲೇಡಿನಿಂದ ಗೀರಿನ ಆಚೆಯದನ್ನೆಲ್ಲ ಕೆತ್ತಿ ತೆಗೆದಳು. ಪೆನ್ನಿನ ಶಾಯಿ ಹಚ್ಚಿ ಪುಸ್ತಕದ ಅಂಚಿಗೆ ಒತ್ತಿದಳು. ಬೆಕ್ಕು ಮೂಡಿತು. ಸಂಜೆ ಅಂಗಡಿಗೆ ಓಡಿಬಂದು ತೋರಿಸಿದಳು.

"ನಾನು ಈ ಕಡೆ ತಲೆ ಮಾಡಿ ಕೆತ್ತಿದ್ದೆ ಚಿಕ್ಕಿ. ಒತ್ತಿದಾಗ ಅದು ಮಗ್ಗುಲು ಬದಲಾಯಿಸಿ ಮಲಗಿದೆ."

"ಯಾವ ಬೆಕ್ಕು ಇದು? ಹಿತ್ತಲಿಗೆ ಬರೋದಾ?"

"ಯಾವುದೂ ಅಲ್ಲ. ಸುಮ್ಮನೆ ಬಂತು."

ಬೆಕ್ಕು ದುಂಡಗಿತ್ತಲ್ಲ, ರಬ್ಬರನ್ನೂ ಅದರ ಸುತ್ತ ದುಂಡಗೆ ಕತ್ತರಿಸಿಕೊಂಡಳು. ಇಸ್ತ್ರಿ ಬಟ್ಟೆ ಕಟ್ಟುವ ಹಳೇ ಪೇಪರಿನ ಮೇಲೆ ಒತ್ತಲು ಶುರು ಮಾಡಿದಳು. ಅಕ್ಕ ಮೊದಲು ಬೈದಳು, ಆಮೇಲೆ ಸುಮ್ಮನಾದಳು, ಯಾಕೆಂದರೆ ಗಿರಾಕಿಗಳು "ನನ್ನ ಗಂಟಿಗೆ ಬೆಕ್ಕು ಹಾಕಿಲ್ವಾ?" ಎಂದು ಕೇಳತೊಡಗಿದರು. ಅಂಚೆಯವರು ಕೇಳಿದರು, ದಾದಿಯರು ಕೇಳಿದರು, ಕನ್ನಡಕ ಮರೆತು ಬಂದ ಅಜ್ಜ ಒಬ್ಬರು ಕಾಗದವನ್ನು ದೂರ ಹಿಡಿದು "ಓ, ಬೆಕ್ಕಪ್ಪ" ಎಂದರು. ಇವರಲ್ಲಿ ಒಬ್ಬರೂ ಅದನ್ನು ಶಾಲೆಯ ಅಧಿಕೃತ ಮೊಹರು ಎಂದುಕೊಳ್ಳಲಿಲ್ಲ. ಅವರಲ್ಲಿ ಯಾರಿಗೂ ಪರಿಶೀಲಿಸುವ ಅಧಿಕಾರ ಇರಲಿಲ್ಲ ಎಂಬುದೇ ಕಾರಣ ಇರಬೇಕು.

ಇನ್ನು ಅಪರಾಧ ನಡೆದ ದಿನ. ವಾರ್ಷಿಕ ಪರೀಕ್ಷೆ ಮುಗಿದಿತ್ತು. ಪ್ರತಿ ಉತ್ತರ ಪತ್ರಿಕೆಯ ಮೊದಲ ಪುಟದಲ್ಲಿ ಒಂದು ಖಾಲಿ ವೃತ್ತ ಅಚ್ಚಾಗಿರುತ್ತದೆ. ಅದರೊಳಗೆ ಶಾಲೆಯ ಮೊಹರು ಬಿದ್ದ ಮೇಲೆ ಕಟ್ಟುಗಳು ನಿಮ್ಮ ಕಚೇರಿಗೆ ಬರಬೇಕು. ಒತ್ತುವುದು ತರಗತಿಯ ಟೀಚರ್ ಕೆಲಸ. ಅವರು ಒಳ್ಳೆಯವರು. ಅವರಿಗೆ ಪಾಠದ ಜೊತೆಗೆ ನೀವು ಹಚ್ಚಿರುವ ಕೆಲಸಗಳನ್ನು ಹೇಳುತ್ತ ಹೋದರೆ ಪತ್ರಿಕೆಯವರು ಜಾಗ ಕೊಡುವುದಿಲ್ಲ. ಅಂದು ಅವರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಿಮ್ಮದೇ ಯಾವುದೋ ನಮೂನೆ ತುಂಬುತ್ತ ಕೂತಿದ್ದರು. ಮೆಣಸಿನ ಕೈ ಅಚ್ಚುಕಟ್ಟು ಎಂದು ಮೊಹರನ್ನೂ ಪ್ಯಾಡನ್ನೂ ಅವಳ ಕೈಗೆ ಕೊಟ್ಟಿದ್ದರು. ನಾಲ್ಕಾರು ಪತ್ರಿಕೆಗೆ ಒತ್ತುವಷ್ಟರಲ್ಲಿ ಮೊಹರಿನ ರಬ್ಬರು ಹಿಡಿಕೆಯಿಂದ ಕಿತ್ತು ಬಂತು. (ಆ ಮೊಹರು ನಮ್ಮ ಅಂಗಡಿಯದಲ್ಲ. ಇದನ್ನು ಬರೆಯಲೇಬೇಕು ಎಂದು ನಮ್ಮ ಯಜಮಾನರು ಹಟ ಹಿಡಿದಿದ್ದಾರೆ.) ಬರೀ ರಬ್ಬರನ್ನು ಬೆರಳಲ್ಲಿ ಒತ್ತಿದರೆ ಮಡಚಿಕೊಂಡು ಮಸಿಯ ಮುದ್ದೆಯಾಯಿತು. ಮೆಣಸು ಹೋಗಿ ಬಾಗಿಲಲ್ಲಿ ನಿಂತಳು.

"ಟೀಚರ್, ಸೀಲು ಕಿತ್ತೋಯ್ತು."

ಅವರು ತಲೆ ಎತ್ತದೆ ಹೇಳಿದ್ದು ಇಷ್ಟೇ: "ಹೇಗಾದ್ರೂ ಮಾಡಿ ಮುಗಿಸಮ್ಮ. ಯಾವುದನ್ನೂ ಖಾಲಿ ಬಿಡಬೇಡ. ಜೀಪು ಬರೋ ಹೊತ್ತಾಯ್ತು."

ಹುಡುಗಿ ಖಾಲಿ ಬಿಡಲಿಲ್ಲ. ಮೇಲಿನವರು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಗುಣ ನಿಮ್ಮ ಇಲಾಖೆಯಲ್ಲಿ ದೊಡ್ಡದು ಎಂದು ಕೇಳಿದ್ದೇನೆ. ಅದಕ್ಕೆ ಬಡ್ತಿಯೂ ಸಿಗುತ್ತದಂತೆ. ಅವಳಿಗೆ ಮಾತ್ರ ನೋಟಿಸು ಸಿಕ್ಕಿತು. ಆ ಸಂಜೆ ಮನೆಯಲ್ಲಿ ನಾನು ಗಾಬರಿಯಿಂದ "ಯಾಕೇ ಒತ್ತಿದೆ?" ಎಂದು ಕೇಳಿದಾಗ ಅವಳು ನನ್ನನ್ನೇ ದಡ್ಡಿಯಂತೆ ನೋಡಿದಳು. "ದುಂಡಗೆ ಖಾಲಿ ಇತ್ತು ಚಿಕ್ಕಿ. ಬೆಕ್ಕೂ ದುಂಡಗಿತ್ತು" ಎಂದಳು. ಇದರಲ್ಲಿ ಸಂಚು ಎಲ್ಲಿದೆ ಎಂದು ಹುಡುಕಿ ನನಗೆ ಸಾಕಾಗಿದೆ. ನೀವು ಓದಿದವರು, ನಿಮಗೆ ಸಿಕ್ಕಿದ್ದರೆ ತಿಳಿಸಬೇಕು.

ಈಗ ನಿಮ್ಮ ಕಚೇರಿಯ ಸಾಧನೆಗೆ ಬರುತ್ತೇನೆ, ಯಾಕೆಂದರೆ ಹುಡುಗಿಯದು ಅದರ ಮುಂದೆ ಏನೂ ಅಲ್ಲ. ಬೆಕ್ಕು ಬಿದ್ದ ಆ ಪತ್ರಿಕೆಗಳಿಗೆ ಮುಖ್ಯೋಪಾಧ್ಯಾಯರು ಸಹಿ ಹಾಕಿದರು. ಹಾಕಿದ್ದು ಬೆಕ್ಕಿನ ಬೆನ್ನಿನ ಮೇಲೆಯೇ. ಅಲ್ಲಿಂದ ಮೇಲ್ವಿಚಾರಕರು ಪ್ರತಿಯೊಂದರ ಮೇಲೂ 'ಮೊಹರು ಪರಿಶೀಲಿಸಲಾಗಿದೆ' ಎಂದು ಒತ್ತಿದರು. ಆ ಮೊಹರು ನಮ್ಮ ಅಂಗಡಿಯದು, ಬಲು ಸ್ಪಷ್ಟವಾಗಿ ಮೂಡಿದೆ, ಧನ್ಯವಾದ. ಆಮೇಲೆ ನಿಮ್ಮ ಕಚೇರಿ ತನ್ನ ದೊಡ್ಡ ನೇರಳೆ ಮೊಹರನ್ನು ಪಕ್ಕದಲ್ಲೇ ಒತ್ತಿತು. ವಿಚಾರಣೆಯ ದಿನ ನಿಮ್ಮವರು ಪುಟ ತಿರುವುತ್ತ ಹೋದಾಗ ಬೆಕ್ಕು ಒಂದೇ ತರ ಇಲ್ಲ ಎಂಬುದೂ ಕಂಡಿತು. ಪ್ಯಾಡಿಗೆ ಒತ್ತಿದ ಕೂಡಲೇ ಬಿದ್ದ ಬೆಕ್ಕು ಹಾಲು ಕುಡಿದ ಹಾಗೆ ತುಂಬಿಕೊಂಡಿದೆ. ಶಾಯಿ ಇಳಿಯುತ್ತ ಹೋದಂತೆ ಬಡಕಲಾಗಿ, ಬರೀ ಮೀಸೆ ಮತ್ತು ಬೆನ್ನಾಗಿ, ಮತ್ತೆ ಪ್ಯಾಡಿನ ಮೇಲೆ ಬಿದ್ದು ದಪ್ಪಗಾಗಿದೆ. ಕೆಲವು ಕಡೆ ತಲೆ ಮೇಲಿದೆ, ಕೆಲವು ಕಡೆ ಕೆಳಗಿದೆ. ಇಷ್ಟೆಲ್ಲ ನಾಟಕ ನಡೆಯುತ್ತಿರುವಾಗ ಇಷ್ಟು ಜನ ದೊಡ್ಡವರು ಒಬ್ಬರಾದ ಮೇಲೊಬ್ಬರು ಗಂಭೀರವಾಗಿ ಸಹಿ ಹಾಕುತ್ತ ಕೂತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಿಮ್ಮಲ್ಲಿ ಎತ್ತು ಈದದ್ದೂ ಆಯಿತು, ಕರುವಿಗೆ ಜನನ ಪ್ರಮಾಣಪತ್ರ ಕೊಟ್ಟದ್ದೂ ಆಯಿತು.

ಫಲಿತಾಂಶ ಬಂತು. ಮೆಣಸು ಪಾಸಾದಳು. ಯಾರಿಗೂ ಏನೂ ಆಗಲಿಲ್ಲ. ಅದು ಹಾಗೇ ಮುಗಿಯುತ್ತಿತ್ತು, ಮಾರುಕಟ್ಟೆ ರಸ್ತೆಯ ದರ್ಜಿಯೊಬ್ಬರು ತಮ್ಮ ಮಗನ ಅಂಕಗಳನ್ನು ಮತ್ತೆ ಕೂಡಿಸಿ ನೋಡಬೇಕೆಂದು ಉತ್ತರ ಪತ್ರಿಕೆ ಕೇಳದೇ ಇದ್ದಿದ್ದರೆ. ನಿಮ್ಮ ಗುಮಾಸ್ತರು ಕಿಂಡಿಯಿಂದ ಪತ್ರಿಕೆ ಕೊಟ್ಟರು. ದರ್ಜಿ ಅಂಕ ನೋಡುವ ಮೊದಲು ಮೊದಲ ಪುಟ ನೋಡಿದರು.

"ಸ್ವಾಮಿ, ಇದೇನಿದು, ಬೆಕ್ಕು?"

"ಬೆಕ್ಕಲ್ಲ ರೀ, ಮೊಹರು. ಮುಂದೆ ಹೋಗಿ."

"ಮೊಹರು ಅಂತೀರಾ? ಹಾಗಾದ್ರೆ ಈ ಮೊಹರಿಗೆ ಮೀಸೆ ಯಾಕಿದೆ?"

"ಪರಿಶೀಲನೆ ಆಗಿದೆ ಅಂತ ಪಕ್ಕದಲ್ಲೇ ಇದೆಯಲ್ಲ, ಓದೋಕೆ ಬರಲ್ವಾ?"

"ಬರುತ್ತೆ ಸ್ವಾಮಿ. ಬೆಕ್ಕನ್ನೂ ಪರಿಶೀಲಿಸಿದ್ದೀರಿ ಅಂತಾಯ್ತು. ಹಾಲು ಹಾಕಿದ್ರಾ?"

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಪತ್ರಿಕೆ ಕೈಯಿಂದ ಕೈಗೆ ಹೋಯಿತು. ನಗು ಎದುರು ಬೀದಿಯ ನಮ್ಮ ಅಂಗಡಿಗೂ ಕೇಳಿಸಿತು. ಏನಿರಬಹುದು ಎಂದು ನಾವೂ ತಲೆ ಎತ್ತಿ ನೋಡಿದೆವು. ಮಾನ್ಯರೇ, ನಿಜ ಹೇಳಿ. ಅಪರಾಧ ನಡೆದದ್ದು ಆಗ, ಅಲ್ಲವೇ? ಬೆಕ್ಕು ವಾರಗಟ್ಟಲೆ ನಿಮ್ಮ ಕಪಾಟಿನಲ್ಲಿ ಮಲಗಿದ್ದಾಗ ಅದು ಮೊಹರಾಗಿತ್ತು. ಜನ ನಕ್ಕ ಮೇಲೆ ನಕಲಿ ಮೊಹರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂದು ಕೇಳುತ್ತಾರೆ. ಈ ಬೆಕ್ಕಿನದು ನ್ಯಾಯವಾದ ನಿದ್ದೆ. ಕಣ್ಣು ಮುಚ್ಚಿಕೊಂಡು ಸಹಿ ಹಾಕಿದವರು ಬೇರೆಯವರು.

ಇನ್ನೊಂದು ವಿಷಯ. ಹೋದ ವರ್ಷವೇ ನಿಮ್ಮ ಕಚೇರಿ 'ಸ್ವಯಂಸ್ಫೂರ್ತ ಗೀಚುಚಿತ್ರ ಸಪ್ತಾಹ' ಎಂದು ಒಂದು ಸುತ್ತೋಲೆ ಹೊರಡಿಸಿತ್ತು. ನನಗೆ ಗೊತ್ತಾದದ್ದು ಹೇಗೆಂದರೆ, ಅದಕ್ಕೆ ಬೇಕಾದ ಮೊಹರನ್ನು ಅಂಟಿಸಿದ್ದು ನಾನೇ. 'ಸ್ವಯಂಸ್ಫೂರ್ತ: ಅನುಮೋದಿಸಲಾಗಿದೆ'. ಯಜಮಾನರು ಅದನ್ನು ಒತ್ತಿ ನೋಡಿ, "ಹಸಿವಾಗೋದಕ್ಕೂ ಒಂದು ಮೊಹರು ಮಾಡಿಸ್ತಾರೆ ನೋಡ್ತಿರು" ಎಂದರು. ಸುತ್ತೋಲೆಯ ಪ್ರಕಾರ ಎಲ್ಲ ಮಕ್ಕಳೂ ಗುರುವಾರ ಮೂರನೇ ಪೀರಿಯಡ್ಡಿನಲ್ಲಿ ತಮ್ಮಷ್ಟಕ್ಕೆ ತಾವೇ ಗೀಚಬೇಕು. ಇಲಾಖೆ ಕೊಟ್ಟ ಹಾಳೆಯಲ್ಲಿ, ಚೌಕದೊಳಗೆ, 'ಮುಕ್ತ ಕಲ್ಪನೆ' ಎಂಬ ಕೊಟ್ಟ ವಿಷಯದ ಮೇಲೆ, ಗಡಿ ದಾಟದಂತೆ ಗೀಚಬೇಕು. ಗಂಟೆ ಹೊಡೆಯುವುದರೊಳಗೆ ಸ್ಫೂರ್ತಿ ಮುಗಿದಿರಬೇಕು. ಮೆಣಸು ಆ ಗುರುವಾರ ಏನೂ ಗೀಚಲಿಲ್ಲ. ಖಾಲಿ ಚೌಕಕ್ಕೆ ಸೊನ್ನೆ ಅಂಕ ಬಂತು. ಅಂದರೆ ನಿಮ್ಮ ಲೆಕ್ಕದಲ್ಲಿ ಹೋದ ವರ್ಷ ಅವಳಲ್ಲಿ ಸೃಜನಶೀಲತೆ ಇರಲೇ ಇಲ್ಲ, ಈ ವರ್ಷ ಅಪಾಯವಾಗುವಷ್ಟು ಬೆಳೆದುಬಿಟ್ಟಿದೆ. ಒಂದೇ ವರ್ಷದಲ್ಲಿ ಇಷ್ಟು ಪ್ರಗತಿಯಾದದ್ದಕ್ಕೆ ಇಲಾಖೆ ಹೆಮ್ಮೆಪಡಬೇಕಲ್ಲವೇ?

ವಿಚಾರಣೆಯಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇನೆ. ಬೆಕ್ಕು ಕೆತ್ತಿದ ರಬ್ಬರನ್ನು ಒಂದು ಲಕೋಟೆಯಲ್ಲಿ ಹಾಕಿ, ಲಕೋಟೆಯ ನಾಲ್ಕೂ ಮೂಲೆಗೆ ಮೊಹರು ಒತ್ತಿ, ಮೇಜಿನ ನಡುವೆ ಇಟ್ಟಿದ್ದರು. ಹುಲಿ ಹಿಡಿದು ತಂದವರೂ ಅಷ್ಟು ಜಾಗ್ರತೆ ಮಾಡುತ್ತಿರಲಿಲ್ಲ. ನಿಮ್ಮ ವಿಚಾರಣಾಧಿಕಾರಿ ಕನ್ನಡಕ ಮೇಲೆ ಮಾಡಿ ಕೇಳಿದರು.

"ಇದನ್ನು ನೀನೇ ಮಾಡಿದ್ದಾ?"

"ಹೂಂ ಸಾರ್."

"ಶಾಲೆಯ ಸೀಲು ನೋಡಿ ಮಾಡಿದ್ದು, ಅಲ್ವಾ? ಹೆದರಬೇಡ, ಹೇಳಿಬಿಡು. ಹೇಳಿದರೆ ಇವತ್ತೇ ಟಿ.ಸಿ. ಕೊಡಿಸ್ತೀನಿ."

"ಅಲ್ಲ ಸಾರ್. ಅದು ಬೆಕ್ಕು."

"ಬೆಕ್ಕೇ ಇರಲಿ. ಸೀಲಿನ ಹಾಗೆ ಕಾಣೋ ಬೆಕ್ಕು."

"ಇಲ್ಲ ಸಾರ್, ಬೆಕ್ಕಿನ ಹಾಗೆ ಕಾಣೋ ಬೆಕ್ಕು."

ಪಕ್ಕದವರೊಬ್ಬರು ಕೆಮ್ಮಿದರು. ಅಧಿಕಾರಿಗಳು ಡ್ರಾಯರಿನಿಂದ ಒಂದು ಹೊಸ ರಬ್ಬರು, ಒಂದು ಬ್ಲೇಡು ತೆಗೆದು ಮುಂದಿಟ್ಟರು. "ಹಾಗಾದ್ರೆ ಈಗ ಇಲ್ಲೇ ಇನ್ನೊಂದು ಮಾಡು, ನೋಡೋಣ." ಮೆಣಸು ಆ ರಬ್ಬರನ್ನು ತಿರುಗಿಸಿ ನೋಡಿದಳು. ಮೂಸಿದಳು. ಮತ್ತೆ ಕೆಳಗಿಟ್ಟಳು. "ಈಗ ಬರ್ತಿಲ್ಲ ಸಾರ್" ಎಂದಳು. ಯಾಕೆ ಬರ್ತಿಲ್ಲ ಎಂದು ಗದರಿದರು. "ನೀವೆಲ್ಲ ನೋಡ್ತಿದ್ದೀರಲ್ಲ" ಎಂದಳು.

ಇದನ್ನು ಕೇಳಿದವರಿಗೆ ಎಲ್ಲ ತಿಳಿಯಬೇಕಿತ್ತು. ಬಚ್ಚಲಲ್ಲಿ ಗುನುಗುವವರನ್ನು ಎಳೆದು ತಂದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಈಗ ಗುನುಗು ಎಂದರೆ ಗುನುಗುತ್ತಾರೆಯೇ? ಆದರೆ ನಿಮ್ಮ ಅಧಿಕಾರಿ ಬರೆದುಕೊಂಡದ್ದು ಬೇರೆ: "ಬಾಲಕಿಗೆ ಸದರಿ ಮುದ್ರೆಯನ್ನು ಮತ್ತೆ ತಯಾರಿಸಲು ಬಂದಿಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ಇಷ್ಟು ನಯವಾದ ಕೆಲಸ ಸಾಧ್ಯವಿಲ್ಲ. ಆಕೆಯ ಚಿಕ್ಕಮ್ಮ ಮೊಹರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿರುವುದು ಗಮನಾರ್ಹ." ನಿಮ್ಮ ಶಾಲೆಯಲ್ಲಿ ಓದಿದ ಮಗುವಿಗೆ ಒಳ್ಳೆಯ ಕೆಲಸ ಬರಲು ಸಾಧ್ಯವೇ ಇಲ್ಲ ಎಂದು ನಿಮ್ಮ ಇಲಾಖೆಯೇ ಲಿಖಿತವಾಗಿ ಒಪ್ಪಿದೆ. ನಾನು ಹೇಳಿದ್ದರೆ ಅವಮಾನವಾಗುತ್ತಿತ್ತು. ನಮ್ಮ ಯಜಮಾನರಂತೂ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡರು. "ಇವಳು ಕೆತ್ತಿದ್ದಂತಾ? ನೇರ ಗೆರೆ ಕತ್ತರಿಸೋಕೆ ಎರಡು ವರ್ಷ ತಗೊಂಡಳು."

ಅದಾದ ಮೇಲೆ ನಿಮ್ಮ ಜವಾನರು ಅಂಗಡಿಗೆ ಬಂದು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಎಲ್ಲ ಟೈಪಾಗಿದೆ, ಸಹಿಯ ಜಾಗ ಮಾತ್ರ ಖಾಲಿ. "ಸದರಿ ಮುದ್ರೆಯನ್ನು ಶಾಲೆಯ ಮೊಹರನ್ನು ಹೋಲುವಂತೆ ನಾನೇ ಕೆತ್ತಿ, ಬಾಲಕಿಗೆ ನೀಡಿರುತ್ತೇನೆ. ಪರಿಶೀಲನೆ ಮಾಡಿದ ಅಧಿಕಾರಿಗಳು ಇದರಿಂದ ಮೋಸಹೋಗಿರುತ್ತಾರೆ." ಸಹಿ ಹಾಕಿದ ದಿನವೇ ವರ್ಗಾವಣೆ ಪತ್ರ ಸಿಗುತ್ತದೆ ಎಂದು ಜವಾನರು ಮೆಲ್ಲಗೆ ಹೇಳಿ ಹೋದರು. ಅಲ್ಲಿಯವರೆಗೆ ನನಗೆ ಅರ್ಥವಾಗಿರಲಿಲ್ಲ, ಆಗ ಆಯಿತು. ಅದು ಮೊಹರಿನ ನಕಲಾದರೆ ನಿಮ್ಮವರೆಲ್ಲ ಮೋಸಹೋದ ಅಮಾಯಕರು. ಅದು ಬೆಕ್ಕಾದರೆ ನಿಮ್ಮವರು ಯಾರೂ ಕಣ್ಣು ಬಿಟ್ಟೇ ನೋಡಿಲ್ಲ. ಅಷ್ಟು ಜನ ದೊಡ್ಡವರ ಮರ್ಯಾದೆ ಒಂದು ಬೆಕ್ಕಿನ ಮೀಸೆಗೆ ಜೋತುಬಿದ್ದಿದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಎಳೆಸಿಕೊಳ್ಳಲು ಎತ್ತಿನದೇ ಒಪ್ಪಿಗೆ ಪತ್ರ ಬೇಕಂತೆ.

ಆದರೂ ನಾನು ಸಹಿ ಹಾಕಲು ಕೂತೆ. ಇದನ್ನು ನಂಬಿ. ಮನೆಯಲ್ಲಿ ಅಕ್ಕ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನನ್ನ ಎದುರು ಬಂದು ಕೂತಿದ್ದಳು.

"ಒಂದು ಸಹಿ ಕಣೇ. ನಿನ್ನ ಕೈ ಸವೆದು ಹೋಗುತ್ತಾ?"

"ಹಾಕ್ತೀನಿ ಅಕ್ಕ. ಬೇಡ ಅಂದ್ನಾ?"

"ನಾನು ನಾಲ್ಕಕ್ಕೆ ಬಿಟ್ಟೆ, ನೀನು ಐದಕ್ಕೆ ಬಿಟ್ಟೆ. ಇವಳೂ ಐದಕ್ಕೇ ನಿಂತರೆ ನಮ್ಮ ಮನೆಗೆ ಅದೊಂದು ವಂಶದ ರೋಗ ಅಂತ ಜನ ಅಂತಾರೆ. ಅವಳು ದೊಡ್ಡ ಸ್ಕೂಲಿನ ಗೇಟು ದಾಟಲಿ. ಆಮೇಲೆ ಬೆಕ್ಕಾದರೂ ಕೆತ್ತಲಿ, ನಾಯಾದರೂ ಕೆತ್ತಲಿ."

ಅಕ್ಕ ಹೇಳಿದ್ದರಲ್ಲಿ ತಪ್ಪಿಲ್ಲ. ಯಜಮಾನರು ಕೂಡ ಬೆಳಿಗ್ಗೆಯೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ನೋಡಮ್ಮ, ಹುಡುಗಿ ವಿಷಯ. ಹಾಕೋದಾದರೆ ಹಾಕು. ನಿನ್ನ ಕೆಲಸ ನಾನು ತೆಗೆಯಲ್ಲ. ಆದರೆ ಒಂದು ತಿಳ್ಕೋ. ನಾವು ಊರವರ ಹೆಸರು ಒತ್ತಿ ಬದುಕೋ ಜನ. ನಕಲಿ ಸೀಲು ಮಾಡ್ತಾರೆ ಅಂತ ಒಂದು ಸಲ ಕಾಗದದಲ್ಲಿ ಬಿದ್ದರೆ ಯಾರೂ ನಮ್ಮ ಮೆಟ್ಟಿಲು ಹತ್ತಲ್ಲ." ಹಾಗೆ ಹೇಳಿಯೂ ಅವರೇ ಪೆನ್ನು ಕೊಟ್ಟು ಕಳಿಸಿದ್ದರು.

ಪೆನ್ನಿನ ಮುಚ್ಚಳ ತೆಗೆದಿದ್ದೆ. ಮೆಣಸು ನನ್ನ ಹೆಗಲಿಗೆ ಗದ್ದ ಊರಿ ಆ ಹಾಳೆಯನ್ನು ನಿಧಾನವಾಗಿ ಓದಿದಳು.

"ನಾನೇ ಕೆತ್ತಿ ಅಂದ್ರೆ, ನೀನಾ ಚಿಕ್ಕಿ?"

"ಹೂಂ."

"ಹಾಗಾದ್ರೆ ಬೆಕ್ಕು ನಿಂದಾಗುತ್ತಾ?"

"ಕಾಗದದಲ್ಲಿ ಮಾತ್ರ ಪುಟ್ಟಿ."

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಹೇಳಿದಳು. "ಅದು ಇರೋದೇ ಕಾಗದದಲ್ಲಿ."

ಅಕ್ಕ ಎದ್ದು ಹೋಗಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಮೆಣಸು ಅಳಲಿಲ್ಲ, ಹಟ ಮಾಡಲಿಲ್ಲ. "ಹಾಕು ಚಿಕ್ಕಿ, ಪರವಾಗಿಲ್ಲ" ಎಂದೂ ಹೇಳಿದಳು. ಹೇಳುವಾಗ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಿದ್ದಳು. ನಿಮ್ಮ ನೋಟಿಸು ಬಂದಂದಿನಿಂದ ಅವಳ ಕೈ ಹಾಗೇ ಇದೆ. ಮನೆಯಲ್ಲಿ ಹಳೇ ಪೇಪರಿನ ರಾಶಿಯೇ ಇದೆ, ಒಂದು ಗೆರೆ ಎಳೆದಿಲ್ಲ. ಗಿರಾಕಿಗಳು ಬೆಕ್ಕು ಕೇಳಿದರೆ ಅಕ್ಕ "ಸ್ಟೇಷನ್ನಿಗೆ ಹೋಗಿದೆ" ಎಂದು ನಗಿಸಿ ಕಳಿಸುತ್ತಾಳೆ. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಮಾನ್ಯರೇ, ನನಗೆ ದೊಡ್ಡ ವಿಷಯಗಳು ತಿಳಿಯುವುದಿಲ್ಲ. ಗೀಚುವ ಮಕ್ಕಳೆಲ್ಲ ಮುಂದೆ ಕಲಾವಿದರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮೆಣಸು ಮುಂದೆ ಇಸ್ತ್ರಿ ಮಾಡಬಹುದು, ನಿಮ್ಮ ಕುರ್ಚಿಯಲ್ಲೇ ಕೂರಬಹುದು, ಯಾರಿಗೆ ಗೊತ್ತು. ನನಗೆ ತಿಳಿದದ್ದು ಇಷ್ಟು. ದಿನವಿಡೀ ನನ್ನ ಕೈಯಿಂದ ಹಾದು ಹೋಗುವ ಮೊಹರುಗಳಲ್ಲಿ ಇರುವುದೆಲ್ಲ ಯಾರೋ ಹೇಳಿ ಮಾಡಿಸಿದ್ದು. ಯಾರೂ ಹೇಳದೆ, ಯಾರೂ ಕೇಳದೆ, ಮಗ್ಗಿಯ ನಡುವೆ ತಾನಾಗಿ ಬಂದ ಮುದ್ರೆ ನಾನು ಕಂಡದ್ದು ಅದೊಂದೇ. ಅದನ್ನು ನನ್ನದೆಂದು ಸುಳ್ಳು ಹೇಳಿದರೆ ಅವಳು ಮಾಧ್ಯಮಿಕ ಶಾಲೆಗೆ ಹೋಗುತ್ತಾಳೆ, ಆದರೆ ಮಡಚಿದ ಬೆರಳುಗಳನ್ನೇ ಹೊತ್ತುಕೊಂಡು ಹೋಗುತ್ತಾಳೆ. ಸುಳ್ಳು ಹೇಳದಿದ್ದರೆ ನೀವು ಅವಳನ್ನು ನನ್ನ ಹಾಗೆ ಐದನೇ ತರಗತಿಯಲ್ಲೇ ನಿಲ್ಲಿಸುತ್ತೀರಿ. ಹತ್ತು ವರ್ಷದ ಹುಡುಗಿಗೆ ಇಂಥ ಎರಡು ಬಾಗಿಲು ಮಾತ್ರ ತೆರೆದಿಡಲು ನಿಮ್ಮ ಇಲಾಖೆಗೆ ಎಷ್ಟು ವರ್ಷಗಳ ತರಬೇತಿ ಬೇಕಾಯಿತು?

ಆದ್ದರಿಂದ ನಾನು ಕೇಳುವುದು ಹೀಗೆ. ಹುಡುಗಿಯ ವರ್ಗಾವಣೆ ಪತ್ರವನ್ನು ದಾಖಲಾತಿ ಮುಗಿಯುವ ಮೊದಲು ಕೊಡಬೇಕು. ಅದರ ಮೇಲೆ ನಿಮಗಿಷ್ಟವಾದ ಮೊಹರನ್ನು ಒತ್ತಿ, ಆದರೆ ಒತ್ತುವ ಮೊದಲು ಒಮ್ಮೆ ನೋಡಿ. ಲಕೋಟೆಯಲ್ಲಿರುವ ರಬ್ಬರನ್ನು ಅದರ ಒಡತಿಗೆ ಹಿಂತಿರುಗಿಸಬೇಕು. ನಿಮ್ಮ ಕಡತದಲ್ಲಿ 'ವಶಪಡಿಸಿಕೊಂಡ ವಸ್ತುವಿನ ವಿವರ' ಎಂಬಲ್ಲಿ 'ನಕಲಿ ಮೊಹರು' ಎಂಬುದನ್ನು ಹೊಡೆದುಹಾಕಿ 'ಬೆಕ್ಕು' ಎಂದು ಬರೆಯಬೇಕು. ಯಾರನ್ನೂ ಅಮಾನತು ಮಾಡಿ ಎಂದು ನಾನು ಕೇಳುತ್ತಿಲ್ಲ. ನಿದ್ದೆ ಎಲ್ಲರಿಗೂ ಬರುತ್ತದೆ.

ನಿಮ್ಮ ಟೈಪು ಹಾಳೆಯನ್ನು ಸಹಿಯಿಲ್ಲದೆ ಹಿಂದಕ್ಕೆ ಕಳಿಸಿದ್ದೇನೆ. ನನ್ನಿಂದ ಒಂದು ಹೇಳಿಕೆ ಬೇಕೆಂದಿರಲ್ಲ, ಇದೇ ಆ ಹೇಳಿಕೆ. ಕಡತಕ್ಕೆ ಸೇರಿಸಿಕೊಳ್ಳಬಹುದು. ಸೋಮವಾರ ನಿಮ್ಮ ಕಿಂಡಿ ತೆರೆಯುವಾಗ ಮೆಣಸೂ ನಾನೂ ಸಾಲಿನಲ್ಲಿ ಮೊದಲು ನಿಂತಿರುತ್ತೇವೆ, ಅಕ್ಕ ನಮ್ಮ ಹಿಂದೆ. ನನ್ನ ಬಾಯಿಂದ ಅಂದೂ ಮಾತು ಹೊರಡಲಿಕ್ಕಿಲ್ಲ, ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಏನಾದರೂ ಕೇಳುವುದಿದ್ದರೆ ಕೆಳಗೆ ನೋಡಿ ಕೇಳಿ. ಅವಳು ಕಿಂಡಿಯ ಎತ್ತರಕ್ಕೆ ಇನ್ನೂ ಬಂದಿಲ್ಲ.

ಇಂತಿ,
ನಿಮ್ಮ 'ಪರಿಶೀಲಿಸಲಾಗಿದೆ'ಯನ್ನು ಇಷ್ಟು ವರ್ಷ ಗಟ್ಟಿಯಾಗಿ ಅಂಟಿಸಿ ಕೊಟ್ಟ ತಪ್ಪಿಗೆ ಈಗ ಪಶ್ಚಾತ್ತಾಪ ಪಡುತ್ತಿರುವ,
ಮೆಣಸಿನ ಚಿಕ್ಕಿ